ಎಲೆಯಾಟ: ಗಂಜೀಫಾ ಮತ್ತು ಇಸ್ಪೀಟು

ಎಲೆಯಾಟ ಎಂದರೆ ಗುರುತು ಮತ್ತು ಸಂಖ್ಯೆಗಳಿಂದ ಪಂಗಡಗಳಾಗಿ ವಿಂಗಡಿಸಿದ, ಬೆನ್ನು ಒಂದೇ ತೆರನಾಗಿರುವ ಎಲೆಗಳನ್ನು ಕಲಸಿ, ಹಂಚಿ, ಗೊತ್ತಾದ ನಿಯಮಗಳಂತೆ ಆಡುವ ಆಟ. ಪಗಡೆಯಲ್ಲಿ, ಚೌಕಾಬಾರದಲ್ಲಿ ಬಿದ್ದ ಗರ ಎಲ್ಲರ ಕಣ್ಣಿಗೂ ಕಾಣುತ್ತದೆ. ಎಲೆಯಾಟದಲ್ಲಿ ಕೈಯಲ್ಲಿರುವುದು ಹಿಡಿದವನಿಗಷ್ಟೇ ಗೊತ್ತು. ಈ ಗುಟ್ಟೇ ಎಲೆಯಾಟವನ್ನು ಉಳಿದ ಆಟಗಳಿಂದ ಬೇರೆಮಾಡುವ ಲಕ್ಷಣ. ಕರ್ನಾಟಕದಲ್ಲಿ ಎಲೆಯಾಟದ ಎರಡು ಕುಲಗಳಿವೆ. ದುಂಡನೆಯ, ಕೈಯಿಂದ ಚಿತ್ರ ಬರೆದ ಎಲೆಗಳದು ಗಂಜೀಫಾ. ನಾಲ್ಕು ಮೂಲೆಯ, ಅಚ್ಚುಹಾಕಿದ 52 ಎಲೆಗಳದು ಇಸ್ಪೀಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಇಂದು ಬಳಕೆಯಲ್ಲಿರುವುದು ಎರಡನೆಯದು. ಮೊದಲನೆಯದು ವಸ್ತುಸಂಗ್ರಹಾಲಯ ಮತ್ತು ಕರಕುಶಲ ಮಳಿಗೆಗಳನ್ನು ಸೇರಿದೆ. ಗಂಜೀಫಾ ನಮ್ಮದು, ಇಸ್ಪೀಟು ಪರದೇಶದ್ದು ಎಂಬುದು ಸಾಮಾನ್ಯ ತಿಳಿವಳಿಕೆ. ಎಲೆಯ ಮೇಲಿನ ಚಿತ್ರವನ್ನು ನೋಡಿ ತೀರ್ಮಾನಿಸಿದರೆ ಅದು ಸರಿಯೆನಿಸುತ್ತದೆ, ಆಟದ ನಿಯಮ ಮತ್ತು ಕಟ್ಟಿನ ರಚನೆಯನ್ನು ನೋಡಿದರೆ ನಿಲ್ಲುವುದಿಲ್ಲ. ಈ ಲೇಖನದ ವರ್ಗೀಕರಣ ನಿಯಮವನ್ನು ಆಧರಿಸಿದೆ.

ಪರಿಭಾಷೆ

ಒಂದು ಆಟಕ್ಕೆ ಬೇಕಾದ ಎಲೆಗಳ ಪೂರ್ತಿ ಸಂಖ್ಯೆಯನ್ನು ಇಲ್ಲಿ ‘ಕಟ್ಟು’ ಎಂದೂ, ಒಂದೇ ಗುರುತಿನ ಎಲೆಗಳನ್ನು ‘ಪಂಗಡ’ ಎಂದೂ ಕರೆದಿದೆ. ಆಟಗಾರರೆಲ್ಲ ತಲಾ ಒಂದೊಂದು ಎಲೆ ಹಾಕಿ ಅವುಗಳಲ್ಲಿ ದೊಡ್ಡದು ಗೆಲ್ಲುವುದು ‘ಸುತ್ತು’. ಬೇರೆಲ್ಲ ಪಂಗಡಗಳನ್ನು ಹೊಡೆಯುವ ಪಂಗಡ ‘ತುರುಫು’. ಇಸ್ಪೀಟಿನ ಪಂಗಡಗಳಿಗೆ ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ ಎಂಬ ಹೆಸರುಗಳಿವೆ. ಮರಾಠಿ ಬಳಕೆ ಇರುವ ಕಡೆ ಬದಾಮ, ಚೌಕಟ, ಕಿಲವರ ಎಂಬವೂ ಕೇಳಿಬರುತ್ತವೆ. ಎಕ್ಕ, ರಾಜ, ರಾಣಿ, ಗುಲಾಮ ಎಲ್ಲೆಡೆಯೂ ಒಂದೇ.

ಉಗಮ

ಭಾರತದಲ್ಲಿ ಎಲೆಯಾಟ ಪುರಾತನವೆಂದೂ ಅದಕ್ಕೆ ‘ಕ್ರೀಡಾಪತ್ರ’ ಎಂಬ ಹೆಸರಿತ್ತೆಂದೂ ಹೇಳುವುದುಂಟು. ಈ ವಾದವನ್ನು ಪರೀಕ್ಷಿಸಲು ಕೊಪ್ಪಳ ಸೀಮೆಯೇ ಒಳ್ಳೆಯ ನೆಲೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದೇ ಚಕ್ರವರ್ತಿಯ ಮಗ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ ಅರಮನೆಯ ಊಟ, ಉಡುಗೆ, ಬೇಟೆ, ವಿನೋದಗಳನ್ನೆಲ್ಲ ವಿವರಿಸುವ ಕೋಶ. ಚದುರಂಗ, ದಾಳ, ಕವಡೆಗಳಿಗೆಲ್ಲ ಅದರಲ್ಲಿ ಜಾಗವಿದೆ, ಎಲೆಯಾಟಕ್ಕಿಲ್ಲ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಬಣ್ಣಿಸಿದ ದ್ಯೂತವೂ ದಾಳದ ದ್ಯೂತವೇ. ಹಂಪಿಯ ಮಂಟಪಗಳ ನೆಲಹಾಸುಗಳ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ; ಅವು ಕಾಯಿ ನಡೆಸುವ ಆಟಗಳಿಗೆ ಸೇರಿದವು. ಉಲ್ಲೇಖ ಇಲ್ಲದಿರುವುದು ಆಟವೇ ಇರಲಿಲ್ಲವೆಂಬುದಕ್ಕೆ ಸಾಕ್ಷಿಯಾಗದು ಎಂದು ಆಕ್ಷೇಪಿಸಬಹುದು. ಚಿತ್ರ ಬರೆದ ಬಟ್ಟೆ, ತಾಳೆಗರಿಗಳು ನಾಶವಾಗಿರಬಹುದು ಎಂಬುದೂ ನಿಜ. ಆದರೆ ವಿನೋದಗಳ ಪಟ್ಟಿ ಮಾಡಲೆಂದೇ ಕೂತ ಅರಸನೊಬ್ಬ ಒಂದು ಜನಪ್ರಿಯ ಆಟವನ್ನೇ ಬಿಟ್ಟನೆಂದು ಹೇಳಲು ಬೇರೆ ಆಧಾರ ಬೇಕು. ಅಂಥ ಆಧಾರವನ್ನು ‘ಕ್ರೀಡಾಪತ್ರ’ದ ವಾದ ಮಾಡುವವರು ಒದಗಿಸಿಲ್ಲ.

ಖಚಿತ ದಾಖಲೆ ಸಿಗುವುದು 1527ರಲ್ಲಿ. ಥಟ್ಟಾದ ಶಾ ಹಸನ್ ಕೇಳಿಕೊಂಡಿದ್ದನೆಂದು ಅವನಿಗೆ ಗಂಜೀಫಾ ಕಳಿಸಿಕೊಟ್ಟ ಸಂಗತಿಯನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆನೆಗೊಂದಿಯ ಎದುರು ದಡದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ ಅದು. ಅದೇ ಶತಮಾನದ ಕೊನೆಯ ಭಾಗದಲ್ಲಿ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ 12 ಪಂಗಡಗಳ ಕಟ್ಟೊಂದನ್ನು ವಿವರಿಸುತ್ತಾನೆ. ಅಶ್ವಪತಿ, ಗಜಪತಿ, ನರಪತಿ ಎಂದು ಮೊದಲಾಗುವ ಆ ಹೆಸರುಗಳು ಸಂಸ್ಕೃತದವು. ಅಂದರೆ ಬಾಬರನ ಉಲ್ಲೇಖದ ಮುಂದಿನ ಎರಡು ತಲೆಮಾರುಗಳ ಹೊತ್ತಿಗೆ ಆಟಕ್ಕೆ ದೇಶೀ ರೂಪವೊಂದು ಗಟ್ಟಿಯಾಗಿತ್ತು. ಹೆಸರು ಸಂಸ್ಕೃತವಾದ ಮಾತ್ರಕ್ಕೆ ಆಟ ಇಲ್ಲಿಯೇ ಹುಟ್ಟಿತೆಂದು ಹೇಳುವಂತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ದಾರಿ ಚೀನಾಕ್ಕೆ ಮುಟ್ಟುತ್ತದೆ. ಅಲ್ಲಿಯ ಹಳೆಯ ಕಟ್ಟುಗಳ ಪಂಗಡಗಳು ನಾಣ್ಯ, ನಾಣ್ಯದ ಸರ ಮುಂತಾದ ಹಣದ ಗುರುತುಗಳವು. ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ಕಾಲದ ಕಟ್ಟೊಂದು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದಿದೆ. ನಾಣ್ಯ, ಬಟ್ಟಲು, ಕತ್ತಿ, ಪೋಲೊ ಕೋಲು ಎಂಬ ನಾಲ್ಕು ಪಂಗಡಗಳು. ಪ್ರತಿಯೊಂದರಲ್ಲೂ ಒಬ್ಬ ರಾಜ, ಇಬ್ಬರು ಅಧಿಕಾರಿಗಳು ಮತ್ತು 1ರಿಂದ 10ರವರೆಗಿನ ಎಲೆಗಳು, ಒಟ್ಟು 52. ಅದರ ಒಂದು ಎಲೆಯ ಮೇಲಿನ ಬರಹದಲ್ಲಿ ‘ಕಂಜೀಫಾ’ ಎಂಬ ಶಬ್ದವೇ ಇದೆ. ಯುರೋಪಿನಲ್ಲಿ ಎಲೆಯಾಟದ ದಾಖಲೆಗಳು 1370ರ ದಶಕದಿಂದ ದೊರೆಯುತ್ತವೆ. 1377ರಲ್ಲಿ ಫ್ಲಾರೆನ್ಸ್ ನಗರ ಅದರ ಮೇಲೆ ನಿರ್ಬಂಧ ಹಾಕಿತ್ತು. ಹೀಗೆ ಒಂದು ಕವಲು ಪರ್ಷಿಯಾದ ಮೂಲಕ ಗಂಜೀಫಾ ಆಗಿಯೂ, ಇನ್ನೊಂದು ಯುರೋಪನ್ನು ಸುತ್ತಿ ಹಡಗುಗಳಲ್ಲಿ ಇಸ್ಪೀಟು ಆಗಿಯೂ ಭಾರತ ಸೇರಿತು.

ಗಂಜೀಫಾದ ರಚನೆ

ಮೊಘಲ್ ಗಂಜೀಫಾದಲ್ಲಿ ಎಂಟು ಪಂಗಡ, ಪಂಗಡಕ್ಕೆ 12 ಎಲೆ, ಒಟ್ಟು 96. ತಾಜ್, ಸಫೇದ್, ಶಂಷೇರ್, ಗುಲಾಮ್, ಚಂಗ್, ಸುರ್ಖ್, ಬರಾತ್, ಕಿಮಾಶ್ ಎಂಬುವು ಪಂಗಡಗಳ ಹೆಸರು: ಕ್ರಮವಾಗಿ ಕಿರೀಟ, ಬೆಳ್ಳಿ ನಾಣ್ಯ, ಕತ್ತಿ, ಆಳು, ತಂತಿವಾದ್ಯ, ಚಿನ್ನದ ನಾಣ್ಯ, ಸನ್ನದು, ಸರಕು. ದಶಾವತಾರ ಗಂಜೀಫಾದಲ್ಲಿ ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಪಂಗಡಗಳು, 120 ಎಲೆಗಳು. ಎರಡರಲ್ಲೂ ಪ್ರತಿ ಪಂಗಡಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಹತ್ತು ಅಂಕಿ ಎಲೆಗಳು. ರಾಣಿಗೆ ಜಾಗವಿಲ್ಲ, ಮಾಮ್ಲೂಕ್ ಕಟ್ಟಿನಲ್ಲೂ ಇಲ್ಲ. ಸಾಮಾನ್ಯವಾಗಿ ಮೂವರು ಆಡುತ್ತಾರೆ. 96ರ ಕಟ್ಟಾದರೆ ತಲಾ 32, 120ರದಾದರೆ ತಲಾ 40 ಎಲೆ. ಹಂಚಿಕೆಯೂ ಆಟವೂ ಎಡಸುತ್ತು. ತುರುಫು ಇಲ್ಲ. ಯಾರ ಕೈಯಿಂದ ಏನು ಬಿತ್ತು, ಯಾವ ಪಂಗಡದಲ್ಲಿ ಇನ್ನು ದೊಡ್ಡದು ಯಾವುದು ಉಳಿದಿದೆ ಎಂದು ಲೆಕ್ಕವಿಟ್ಟುಕೊಂಡವನೇ ಗೆಲ್ಲುವನು. ದಶಾವತಾರದ ಆಟದಲ್ಲಿ ಹಗಲಾದರೆ ರಾಮನ ಎಲೆ ಉಳ್ಳವನೂ ರಾತ್ರಿಯಾದರೆ ಕೃಷ್ಣನ ಎಲೆ ಉಳ್ಳವನೂ ಮೊದಲು ಆಡಬೇಕು. ಮೊಘಲ್ ಕಟ್ಟಿನಲ್ಲಿ ಹಗಲಿಗೆ ಚಿನ್ನ, ಇರುಳಿಗೆ ಬೆಳ್ಳಿ. ಚಿತ್ರ ಬದಲಾದರೂ ಕಟ್ಟಳೆ ಹಾಗೆಯೇ ಉಳಿದುದಕ್ಕೆ ಇದೊಂದು ನಿದರ್ಶನ.

ಇದಕ್ಕಿಂತ ಬಲವಾದ ಸಾಕ್ಷಿ ಅಂಕಿಗಳ ಕ್ರಮದಲ್ಲಿದೆ. ಗಂಜೀಫಾದ ಅರ್ಧ ಪಂಗಡಗಳಲ್ಲಿ ರಾಜ, ಮಂತ್ರಿಗಳ ನಂತರ 10 ದೊಡ್ಡದು, 1 ಸಣ್ಣದು. ಉಳಿದರ್ಧದಲ್ಲಿ ಇದು ತಿರುವುಮುರುವು: 1 ದೊಡ್ಡದು, 10 ಎಲ್ಲಕ್ಕಿಂತ ಸಣ್ಣದು. ಮೊಘಲ್ ಕಟ್ಟಿನಲ್ಲಿ ಮೊದಲ ನಾಲ್ಕು ಪಂಗಡಗಳಿಗೆ ಬಿಶ್‌ಬರ್ ಎಂದೂ ಕೊನೆಯ ನಾಲ್ಕಕ್ಕೆ ಕಂಬರ್ ಎಂದೂ ಹೆಸರು. ಆಡುವವನಿಗೆ ಇದರಿಂದ ಅನುಕೂಲವೇನೂ ಇಲ್ಲ, ತೊಡಕೇ ಹೆಚ್ಚು. ಹೀಗಿದ್ದೂ 15ನೆಯ ಶತಮಾನದ ಇಟಲಿಯಲ್ಲಿ ಹುಟ್ಟಿದ ಟ್ಯಾರೋ ಆಟದಲ್ಲಿ ಬಟ್ಟಲು ಮತ್ತು ನಾಣ್ಯದ ಪಂಗಡಗಳಿಗೆ ಇದೇ ತಿರುವುಮುರುವು ಕ್ರಮವಿದೆ. ಸ್ಪೇನಿನ ಓಂಬ್ರೆ ಆಟದಲ್ಲೂ ಇದೆ. ಈಗ ಭವಿಷ್ಯ ಹೇಳುವವರ ಕೈಯಲ್ಲಿ ಕಾಣುವ 78 ಎಲೆಗಳ ಟ್ಯಾರೋ ಮೂಲತಃ ಸುತ್ತು ಗೆಲ್ಲುವ ಆಟವೆಂದು ‘ದಿ ಗೇಮ್ ಆಫ್ ಟ್ಯಾರೋ’ (1980) ಗ್ರಂಥದಲ್ಲಿ ತತ್ತ್ವಜ್ಞಾನಿ ಮೈಕಲ್ ಡಮೆಟ್ ವಿಸ್ತಾರವಾಗಿ ತೋರಿಸಿಕೊಟ್ಟರು. ಉಪಯೋಗವಿಲ್ಲದ ಇಂಥ ಕಟ್ಟಳೆಯೊಂದು ಇಟಲಿ, ಸ್ಪೇನ್, ಭಾರತಗಳಲ್ಲಿ ಬೇರೆಬೇರೆಯಾಗಿ ಹುಟ್ಟಿಕೊಂಡಿತೆಂದು ನಂಬುವುದು ಕಷ್ಟ. ಒಂದೇ ಮೂಲದಿಂದ ಬಂದ ಬಳುವಳಿಯೆಂದು ತಿಳಿಯುವುದೇ ಸರಿ. ಮೇಲೆ ಬರೆದವನು ವರಾಹನೇ ಇರಲಿ, ನರಸಿಂಹನೇ ಇರಲಿ, ಎಲೆಯ ನಡೆ ಮಾತ್ರ ಆ ದೊಡ್ಡ ಮನೆತನದ್ದು.

ಮೈಸೂರಿನ ಛದಗಳು

ಇದಕ್ಕೆ ಎದುರಾಗಿ ಮೈಸೂರಿನ ಉದಾಹರಣೆ ಕೊಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರಚಿಸಿದ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಸಚಿತ್ರ ಗ್ರಂಥ. ಅದರ ಕೊನೆಯದಾದ ಕೌತುಕನಿಧಿಯಲ್ಲಿ 13 ಎಲೆಯಾಟಗಳ ವಿವರಣೆಯಿದೆ. ಅವುಗಳಿಗೆ ಛದ ಎಂದು ಹೆಸರು. ಕಟ್ಟುಗಳ ಗಾತ್ರ 36 ಎಲೆಗಳಿಂದ 360ರವರೆಗೆ ಹಬ್ಬಿದೆ. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆ ಬೇಕು. ನವಗ್ರಹ, ದಿಕ್ಪಾಲ, ಪಂಚಪಾಂಡವ ಮುಂತಾದ ಛದಗಳಲ್ಲಿ ದೇವತೆಗಳ ವಾಹನ, ಆಯುಧ, ಧ್ವಜಗಳೆಲ್ಲ ಎಲೆಗಳಾಗಿವೆ. ಜಗತ್ತಿನ ಯಾವ ಅರಸನೂ ಎಲೆಯಾಟದ ಮೇಲೆ ಇಷ್ಟು ಬುದ್ಧಿ ಖರ್ಚು ಮಾಡಿದಂತಿಲ್ಲ. ಇಲ್ಲಿ ಚಿತ್ರದ ಜೊತೆಗೆ ರಚನೆಯೂ ಹೊಸದು, ಆದ್ದರಿಂದ ಇದನ್ನು ಪರದೇಶದ ಬಳುವಳಿ ಎನ್ನುವುದು ಅನ್ಯಾಯ ಎಂಬ ಆಕ್ಷೇಪದಲ್ಲಿ ಹುರುಳಿದೆ. ಛದಗಳು ನಿಜಕ್ಕೂ ಸ್ವತಂತ್ರ ಸೃಷ್ಟಿ. ಆದರೆ ಅವು ಅರಮನೆಯ ಹೊಸ್ತಿಲು ದಾಟಿ ಹೆಚ್ಚು ದೂರ ಹೋಗಲಿಲ್ಲ. ಮುನ್ನೂರು ಎಲೆಗಳ ಸಂಬಂಧಗಳನ್ನು ನೆನಪಿಟ್ಟುಕೊಂಡು ಆಡುವುದಕ್ಕೆ ಪಾಂಡಿತ್ಯವೂ ಬಿಡುವೂ ಬೇಕು. ಆಟ ಬೇರುಬಿಡುವುದು ಅದನ್ನು ಕಲಿತವನು ಇನ್ನೊಬ್ಬನಿಗೆ ಒಂದು ಸಂಜೆಯಲ್ಲಿ ಕಲಿಸಬಲ್ಲನಾದರೆ. ಛದಗಳಲ್ಲಿ ಅದು ಆಗದ ಮಾತು. ದೇಶೀಯತೆಯನ್ನು ಕಲ್ಪನೆಯಿಂದ ಅಳೆದರೆ ಮೈಸೂರಿಗೆ ಮೊದಲ ಸ್ಥಾನ, ಬಳಕೆಯಿಂದ ಅಳೆದರೆ ಹಾಗಲ್ಲ.

ತಯಾರಿಕೆ

ಗಂಜೀಫಾ ಎಲೆಯನ್ನು ಬಟ್ಟೆಯ ಅಥವಾ ಕಾಗದದ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸುಣ್ಣದ ಪುಡಿ ಬಳಿದು, ಉಜ್ಜಿ ನುಣುಪುಗೊಳಿಸಿ, ದುಂಡಗೆ ಕತ್ತರಿಸಿ ಮಾಡುತ್ತಾರೆ. ಚಿತ್ರ ಬರೆದ ಮೇಲೆ ಅರಗಿನ ಲೇಪ. ಅರಮನೆಗಾದರೆ ದಂತ, ಆಮೆಚಿಪ್ಪುಗಳ ಎಲೆಗಳೂ ಇದ್ದವು. ದರ್ಬಾರಿನ ಎಲೆ, ಬಾಜಾರಿನ ಎಲೆ ಎಂಬ ಎರಡು ದರ್ಜೆಗಳನ್ನು ಕುಶಲಕರ್ಮಿಗಳೇ ಮಾಡಿಕೊಂಡಿದ್ದರು. ಕೊಪ್ಪಳ ಸೀಮೆಯ ಸುತ್ತ ಪ್ರಸಿದ್ಧ ಕೇಂದ್ರಗಳೆಂದರೆ ಪಶ್ಚಿಮಕ್ಕೆ ಸಾವಂತವಾಡಿ, ಈಶಾನ್ಯಕ್ಕೆ ನಿರ್ಮಲ್, ದಕ್ಷಿಣಕ್ಕೆ ಮೈಸೂರು. ಇವುಗಳಲ್ಲಿ ನಿರ್ಮಲ್ ಮತ್ತು ಕೊಪ್ಪಳ ಎರಡೂ ಒಂದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಒಡಿಶಾದ ರಘುರಾಜಪುರ, ಬಂಗಾಳದ ಬಿಷ್ಣುಪುರಗಳಲ್ಲಿ ಬೇರೆ ಶೈಲಿಗಳಿವೆ.

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಹಗುರ ಮರದ ಬೊಂಬೆ, ದೇವರ ಮೂರ್ತಿ, ತೊಟ್ಟಿಲುಗಳನ್ನು ಮಾಡುತ್ತ ಬಂದಿವೆ. ಅಲ್ಲಿ ತುಂಡುಗಳನ್ನು ಬೆಸೆಯಲು, ಮೇಲ್ಮೈ ತುಂಬಲು ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟವನ್ನು ಬಳಸುತ್ತಾರೆ. ಬಣ್ಣಕ್ಕೆ ಮುಂಚೆ ಬಿಳಿ ಲೇಪ ಕೊಡುತ್ತಾರೆ. ಅಂಟು, ಬಿಳಿ ತಳ, ಗಾಢ ಬಣ್ಣ, ಮೇಲೊಂದು ಹೊಳಪು: ಗಂಜೀಫಾದ ಕ್ರಮವೂ ಇದೇ. ಕಿನ್ನಾಳದ ಕಸುಬು ಗಂಜೀಫಾದ ಕವಲೆಂದು ಇದರಿಂದ ಸಿದ್ಧವಾಗುವುದಿಲ್ಲ. ದಖ್ಖನಿನ ಚಿತ್ರಗಾರರು ಒಂದೇ ಸಾಮಗ್ರಿಯನ್ನು ಬೊಂಬೆಗೂ ಎಲೆಗೂ ಹಲಗೆಗೂ ಹೊಂದಿಸಿಕೊಂಡಿದ್ದರೆಂಬುದಷ್ಟೇ ಸಿದ್ಧವಾಗುತ್ತದೆ. ಕಿನ್ನಾಳದ ಬೊಂಬೆ, ಮೈಸೂರಿನ ಗಂಜೀಫಾ ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ.

ಇಸ್ಪೀಟಿನ ಆಟಗಳು

ಗಂಜೀಫಾವನ್ನು ಹಿಂದಕ್ಕೆ ತಳ್ಳಿದ್ದು 19ನೆಯ ಶತಮಾನದ ಅಚ್ಚಿನ ಯಂತ್ರ. ಚಿತ್ರಗಾರನೊಬ್ಬ ದಿನಗಟ್ಟಲೆ ಕೂತು ಬರೆಯಬೇಕಾದ ಕಟ್ಟಿನ ಎದುರು ಕಾರ್ಖಾನೆಯ ಅಗ್ಗದ ಕಟ್ಟು ಬಂದು ನಿಂತಿತು. ಮೂಲೆಯಲ್ಲಿ ಗುರುತು ಅಚ್ಚಾದ ಮೇಲೆ 13 ಎಲೆಗಳನ್ನು ಒಂದೇ ಕೈಯಲ್ಲಿ ಬೀಸಣಿಗೆಯಂತೆ ಹಿಡಿದು ನೋಡುವುದು ಸುಲಭವಾಯಿತು, ದುಂಡನೆಯ ಎಲೆಯಲ್ಲಿ ಅದು ಅಷ್ಟು ಸುಲಭವಿರಲಿಲ್ಲ. ಆದರೆ ಬಂದದ್ದು ಕಟ್ಟು ಮಾತ್ರ. ಯುರೋಪಿನವರು ಅದರಲ್ಲಿ ಆಡುತ್ತಿದ್ದ ವ್ಹಿಸ್ಟ್, ಅದರ ಮುಂದಿನ ರೂಪವಾದ ಬ್ರಿಜ್ ಇಲ್ಲಿ ಕ್ಲಬ್ಬುಗಳಲ್ಲೇ ಉಳಿದವು. ಊರಿನ ಕಟ್ಟೆಗೆ ಬಂದವು ಬೇರೆಯೇ ಆಟಗಳು.

ಮಕ್ಕಳಾದಿಯಾಗಿ ಎಲ್ಲರೂ ಆಡುವುದು ಕತ್ತೆ ಆಟ. ಕೊನೆಗೆ ಎಲೆ ಉಳಿಸಿಕೊಂಡವನೇ ಕತ್ತೆ; ಗೆದ್ದವನಿಗೆ ಹೆಸರಿಲ್ಲ, ಸೋತವನಿಗಿದೆ. ನಾಲ್ವರು ಎದುರುಬದುರು ಜೊತೆಯಾಗಿ ಆಡುವ ಮೆಂಡಿಕೋಟ್‌ನಲ್ಲಿ ಸುತ್ತುಗಳಿಗಿಂತ ನಾಲ್ಕು ಹತ್ತುಗಳನ್ನು ಹಿಡಿಯುವುದು ಮುಖ್ಯ. ಇದು ಮಹಾರಾಷ್ಟ್ರ, ಗುಜರಾತ್ ಕಡೆಯ ಆಟ. ಕೇರಳಕ್ಕೆ ಹೊಂದಿದ ಕರಾವಳಿಯಲ್ಲಿ ಇಪ್ಪತ್ತೆಂಟು, ಐವತ್ತಾರು ಆಟಗಳಿವೆ. ಅಲ್ಲಿ ರಾಜ, ರಾಣಿಗಳಿಗೆ ಬೆಲೆಯೇ ಇಲ್ಲ. ಗುಲಾಮನಿಗೆ 3, ಒಂಬತ್ತಕ್ಕೆ 2 ಅಂಕ. ಸ್ವಿಟ್ಜರ್ಲೆಂಡಿನ ಯಾಸ್ ಆಟದಲ್ಲೂ ತುರುಫಿನ ಗುಲಾಮ, ಒಂಬತ್ತುಗಳೇ ಎಲ್ಲಕ್ಕಿಂತ ದೊಡ್ಡವು. ಮೂರೆಲೆ ಆಟ ಅಥವಾ ತೀನ್ ಪತ್ತಿ ಇಂಗ್ಲಿಷರ ಬ್ರ್ಯಾಗ್ ಆಟದ ದೇಶೀ ರೂಪ. 52 ಎಲೆಗಳಿಂದ ಮೂರು ಎಲೆಗಳ 22,100 ಬೇರೆಬೇರೆ ಕೈಗಳು ಹುಟ್ಟುತ್ತವೆ. ಅವುಗಳಲ್ಲಿ ಮೂರೂ ಒಂದೇ ಅಂಕಿಯ ಕೈಗಳು 52, ಒಂದೇ ಪಂಗಡದ ಸಾಲು ಎಲೆಗಳ ಕೈಗಳು 48. ಅಪರೂಪದ್ದು ಎರಡನೆಯದು, ದೊಡ್ಡದೆಂದು ಎಣಿಸುವುದು ಮೊದಲನೆಯದನ್ನು. ಲೆಕ್ಕ ಒಂದು, ರೂಢಿ ಒಂದು.

ಕೊಪ್ಪಳ ಸೀಮೆಯಲ್ಲಿ ಹೆಚ್ಚು ಹೆಸರಾದದ್ದು, ಹೆಸರು ಕೆಡಿಸಿಕೊಂಡದ್ದು ಕೂಡ, ಅಂದರ್ ಬಾಹರ್. ಒಂದು ಎಲೆಯನ್ನು ತೆರೆದಿಟ್ಟು, ಮಿಕ್ಕ ಕಟ್ಟಿನಿಂದ ಒಳಗೆ, ಹೊರಗೆ ಎಂದು ಎರಡು ಬದಿಗೆ ಒಂದಾದ ಮೇಲೊಂದು ಎಲೆ ಹಾಕುತ್ತ ಹೋಗುತ್ತಾರೆ. ತೆರೆದ ಎಲೆಯ ಅಂಕಿ ಯಾವ ಬದಿಗೆ ಮೊದಲು ಬೀಳುವುದೋ ಆ ಬದಿಗೆ ಹಣ ಕಟ್ಟಿದವನಿಗೆ ಗೆಲುವು. ಆಡುವವನು ಮಾಡುವ ಆಯ್ಕೆ ಒಂದೇ, ಬದಿ. ಮೊದಲು ಎಲೆ ಬೀಳುವ ಬದಿಗೆ ಗೆಲುವಿನ ಸಂಭವ ಸುಮಾರು 51.5 ಶೇಕಡಾ, ಇದಕ್ಕಿಂತ ಹೆಚ್ಚಿನ ಜಾಣತನಕ್ಕೆ ಈ ಆಟದಲ್ಲಿ ಎಡೆಯಿಲ್ಲ. 13 ಎಲೆಗಳ ರಮ್ಮಿ ಇದಕ್ಕೆ ವಿರುದ್ಧ ತುದಿಯದು. ಎರಡು ಕಟ್ಟು ಕಲಸಿ, ಕನಿಷ್ಠ ಎರಡು ಸೀಕ್ವೆನ್ಸ್, ಅವುಗಳಲ್ಲೊಂದು ಜೋಕರ್ ಇಲ್ಲದ್ದು, ಉಳಿದವು ಸೆಟ್ ಅಥವಾ ಸೀಕ್ವೆನ್ಸ್ ಆಗುವಂತೆ ಎಲೆ ಎತ್ತುತ್ತ, ಬಿಸಾಕುತ್ತ ಹೋಗಬೇಕು. ಎದುರಾಳಿ ಎತ್ತಿದ್ದೇನು, ಬಿಟ್ಟದ್ದೇನು ಎಂಬ ನೆನಪೇ ಇಲ್ಲಿ ಬಂಡವಾಳ. ಈ ಅರ್ಥದಲ್ಲಿ ಗಂಜೀಫಾಕ್ಕೆ ಹತ್ತಿರದ ನಂಟು ಅಂದರ್ ಬಾಹರ್‌ಗಿಂತ ರಮ್ಮಿಗಿದೆ, ಕಟ್ಟುಗಳು ಎಷ್ಟೇ ಬೇರೆಯಾದರೂ. ಒಂದೇ 52 ಎಲೆಗಳ ಕಟ್ಟಿನಿಂದ ಇಷ್ಟು ದೂರದೂರದ ಆಟಗಳು ಹುಟ್ಟುವುದರಿಂದಲೇ ಕಟ್ಟಿನ ಊರು ಕೇಳಿ ಆಟವನ್ನು ಪರದೇಶಿ ಎನ್ನಲಾಗದು.

ಬೇರೆ ದೇಶಗಳಲ್ಲೂ ಇದೇ ನಡೆದಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರಿಂದ ಎಲೆಯಾಟ ಕಲಿತ ಜಪಾನೀಯರು, ಅದರ ಮೇಲೆ ಪದೇಪದೇ ನಿಷೇಧ ಬಿದ್ದಾಗ ಅಂಕಿಗಳಿಲ್ಲದ, ಹನ್ನೆರಡು ತಿಂಗಳ ಹೂಗಿಡಗಳ 48 ಎಲೆಗಳ ಹನಾಫುದಾ ರೂಪಿಸಿಕೊಂಡರು. ವಿಡಿಯೊ ಗೇಮ್‌ಗಳಿಂದ ಹೆಸರಾದ ನಿಂಟೆಂಡೊ 1889ರಲ್ಲಿ ಕ್ಯೋಟೊದಲ್ಲಿ ಹುಟ್ಟಿದ್ದು ಹನಾಫುದಾ ಎಲೆ ಮಾಡಲೆಂದೇ. ಇಟಲಿಯ ಸ್ಕೋಪಾ 40 ಎಲೆಗಳದು, ಜರ್ಮನಿಯ ಸ್ಕಾಟ್ 32 ಎಲೆಗಳದು, ವಿಯೆಟ್ನಾಮಿನ ತೊ ತೊಮ್ 120 ಎಲೆಗಳದು. ಸ್ಕಾಟ್ 1810ರ ದಶಕದಲ್ಲಿ ಆಲ್ಟೆನ್‌ಬುರ್ಗ್ ಊರಿನಲ್ಲಿ ರೂಪುಗೊಂಡಿತು. ಅದನ್ನು ಜರ್ಮನರು ಹೊರಗಿನದೆಂದು ಎಣಿಸುವುದಿಲ್ಲ.

ಜೂಜು ಮತ್ತು ಕಾಯ್ದೆ

ಇಸ್ಪೀಟನ್ನು ಸಂಸ್ಕೃತಿಯ ಲೆಕ್ಕಕ್ಕೆ ಸೇರಿಸುವುದೇ ತಪ್ಪು, ಅದು ಮನೆ ಮುರಿಯುವ ಜೂಜು ಎಂಬುದು ಗಂಭೀರ ಆಕ್ಷೇಪ. ಹೊಲ ಮಾರಿ ಆಡಿದವರ ಸಂಕಟವನ್ನು ಯಾವ ವರ್ಗೀಕರಣವೂ ಮರೆಮಾಚಬಾರದು. ಆದರೆ ಜೂಜು ಎಲೆಯ ಜೊತೆ ಬಂದದ್ದಲ್ಲ. ದೀಪಾವಳಿಯ ಬಲಿಪಾಡ್ಯಮಿಗೆ ಧರ್ಮಗ್ರಂಥಗಳಲ್ಲಿ ದ್ಯೂತಪ್ರತಿಪದೆ ಎಂಬ ಹೆಸರೂ ಇದೆ. ಆ ದಿನ ಶಿವಪಾರ್ವತಿಯರು ಪಗಡೆಯಾಡಿದರೆಂಬುದು ಕಥೆ. ಹಬ್ಬದ ಹೊತ್ತಿಗೆ ಪಣ ಕಟ್ಟುವ ರೂಢಿ ಹಳೆಯದು, ದಾಳದ ಜಾಗಕ್ಕೆ ಎಲೆ ಬಂದದ್ದು ಈಚಿನದು. ಇಂದಿಗೂ ದೀಪಾವಳಿಯ ದಿನಗಳಲ್ಲಿ ಪೊಲೀಸರು ದಾಳಿ ನಡೆಸಿ ಇಸ್ಪೀಟೆಲೆ, ನಗದು ವಶಪಡಿಸಿಕೊಳ್ಳುವುದು ಈ ಭಾಗದ ವಾಡಿಕೆಯ ಸುದ್ದಿ.

ಕಾನೂನು ಕೂಡ ಆಟವನ್ನು ನಿಯಮದಿಂದಲೇ ಅಳೆಯುತ್ತದೆ. ಕೊಪ್ಪಳ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ 1305ರ ಜೂಜು ಕಾಯ್ದೆ ಇತ್ತು. ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಅದೇ ಕಾಯ್ದೆಯಡಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪಿತ್ತು, ರಮ್ಮಿಯಲ್ಲಿ ಬಿದ್ದ ಎಲೆಗಳ ನೆನಪು, ಇಟ್ಟುಕೊಳ್ಳುವ ಮತ್ತು ಬಿಡುವ ವಿವೇಚನೆ ಬೇಕಾಗುವುದರಿಂದ ಅದು ಪ್ರಧಾನವಾಗಿ ಕೌಶಲದ ಆಟವೆಂದಿತು. ಮೂರೆಲೆ ಆಟ ಬರಿಯ ಅದೃಷ್ಟದ್ದೆಂದು ಬೇರೆಮಾಡಿತು. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಿ 79, 80ನೆಯ ಕಲಮುಗಳು ಜೂಜುಕಟ್ಟೆಗಳಿಗೂ 87ನೆಯದು ಸಾರ್ವಜನಿಕ ಸ್ಥಳದ ಜೂಜಿಗೂ ಸಂಬಂಧಿಸಿದ್ದು, ಶುದ್ಧ ಕೌಶಲದ ಆಟಕ್ಕೆ 79, 80 ಅನ್ವಯಿಸವೆಂದು 176ನೆಯ ಕಲಮು ಹೇಳುತ್ತದೆ. ಆನ್‌ಲೈನ್ ಆಟಗಳ ಮೇಲೆ ಪಣವನ್ನು ನಿಷೇಧಿಸಿದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿದ್ದಕ್ಕೂ ಕೌಶಲ, ಅದೃಷ್ಟಗಳ ಈ ಭೇದವೇ ಆಧಾರ.

ಈಗಿನ ಸ್ಥಿತಿ

ಗಂಜೀಫಾ ಚಿತ್ರಕಲೆಯಾಗಿ ಬದುಕಿದೆ. ಸಾವಂತವಾಡಿಯಲ್ಲಿ ಅರಮನೆಯ ಆಶ್ರಯದಲ್ಲಿ 1970ರ ದಶಕದಿಂದ ತಯಾರಿಕೆ ಮರುಜೀವ ಪಡೆಯಿತು. ಮೈಸೂರು ಶೈಲಿಯನ್ನು ಗಂಜೀಫಾ ರಘುಪತಿ ಭಟ್ಟರು ಹೊಸದಾಗಿ ಬೆಳೆಸಿದರು. ಕೊಳ್ಳುವವರು ಅದನ್ನು ಗೋಡೆಗೆ ಹಾಕುತ್ತಾರೆ, ಕೈಗೆ ಹಂಚುವುದು ಅಪರೂಪ. ಇಸ್ಪೀಟಿನ ಕಟ್ಟುಗಳು ಈಗ ಶಿವಕಾಶಿಯಲ್ಲೂ ಅಚ್ಚಾಗುತ್ತವೆ. ಗಂಗಾವತಿಯ ಭತ್ತದ ಗದ್ದೆಗಳ ಊರಿರಲಿ, ಕುಷ್ಟಗಿಯ ಎರೆ ನೆಲದ ಊರಿರಲಿ, ಕಿರಾಣಿ ಅಂಗಡಿಯಲ್ಲಿ ಸಿಗುವ ಸರಕು ಅದು. ಈಚಿನ ವರ್ಷಗಳಲ್ಲಿ ಆಟದ ಒಂದು ಪಾಲು ಮೊಬೈಲಿಗೆ ಸರಿದಿದೆ. ಅಲ್ಲಿ ಎಲೆ ಕಲಸುವುದು, ಹಂಚುವುದು, ಅಂಕ ಎಣಿಸುವುದು ಎಲ್ಲವೂ ಯಂತ್ರದ ಕೆಲಸ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧದ ಒಳಗೆ ತಂದಿತು. ಮೊಬೈಲಿನ ರಮ್ಮಿಯೂ ತೀನ್ ಪತ್ತಿಯೂ ಆ ಕಾಯ್ದೆಯ ಕಣ್ಣಿಗೆ ಒಂದೇ. ಎದುರುಬದುರು ಕೂತು ಕಾಗದದ ಎಲೆಯಲ್ಲಿ ಆಡುವ ಆಟಕ್ಕೆ ಅದು ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಿ ಅಂಥ ಆಟಕ್ಕೆ 1963ರ ಪೊಲೀಸ್ ಕಾಯ್ದೆಯೇ ಅಳತೆಗೋಲು.